ಕಲಿಕೆ ಕುಸಿದಾಗ: ದಡಾರದ ನಂತರದ ಒಂದು ಮಿದುಳಿನ ಕಾಯಿಲೆ

ಹಲಸೂರಿನ ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಏಳನೇ ತರಗತಿಯ ಹುಡುಗನೊಬ್ಬನ ಬಗ್ಗೆ ಅವಲೋಕನ ಪುಸ್ತಕದಲ್ಲಿ ‘ಗಮನವಿಲ್ಲ, ಸೋಮಾರಿ’ ಎಂದು ಬರೆದಿದ್ದೆ. ಬರೆಯುವಾಗ ಅವನ ಕೈಯಿಂದ ಪೆನ್ನು ಪದೇ ಪದೇ ಬೀಳುತ್ತಿತ್ತು. ಮಾರ್ಗದರ್ಶಕ ಶಿಕ್ಷಕಿ ಅವನ ಜೂನ್ ಮತ್ತು ನವೆಂಬರ್ ತಿಂಗಳ ನೋಟ್‌ಬುಕ್‌ಗಳನ್ನು ನನ್ನ ಮುಂದಿಟ್ಟರು. ಜೂನ್‌ನಲ್ಲಿ ಭಿನ್ನರಾಶಿ ಬಿಡಿಸಿದ್ದವನು ನವೆಂಬರ್‌ನಲ್ಲಿ ಕೂಡುವ ಲೆಕ್ಕವನ್ನೂ ತಪ್ಪಿದ್ದ. “ಬಾರದ ಮಗು ಬೇರೆ, ಬರುತ್ತಿದ್ದದ್ದನ್ನು ಕಳೆದುಕೊಳ್ಳುವ ಮಗು ಬೇರೆ” ಎಂದು ಹೇಳಿ, ಪೋಷಕರನ್ನು ಕರೆಸಿ ವೈದ್ಯರ ಬಳಿಗೆ ಕಳಿಸಿದರು. ಪರೀಕ್ಷೆಗಳ ನಂತರ ಅದು ಎಸ್‌ಎಸ್‌ಪಿಇ ಎಂದು ತಿಳಿಯಿತು.

ಸಬ್‌ಅಕ್ಯೂಟ್ ಸ್ಕ್ಲೆರೋಸಿಂಗ್ ಪ್ಯಾನ್‌ಎನ್‌ಸೆಫಲೈಟಿಸ್ ಎಂಬುದು ಅದರ ಪೂರ್ಣ ಹೆಸರು. ದಡಾರ ವಾಸಿಯಾದರೂ ಅಪರೂಪಕ್ಕೆ ಕೆಲವರ ಮಿದುಳಿನಲ್ಲಿ ಅದರ ವೈರಸ್ ಉಳಿದುಕೊಂಡು, ಸಾಮಾನ್ಯವಾಗಿ 6ರಿಂದ 10 ವರ್ಷಗಳ ಬಳಿಕ ಕಾಯಿಲೆಯಾಗಿ ಕಾಣಿಸಿಕೊಳ್ಳುತ್ತದೆ. ಎರಡು ವರ್ಷದೊಳಗೆ ದಡಾರ ಬಂದವರಿಗೆ ಅಪಾಯ ಹೆಚ್ಚು. ಮೊದಲು ಕಲಿಕೆ ಮತ್ತು ನಡವಳಿಕೆ ಕೆಡುತ್ತವೆ. ಆಮೇಲೆ ಬೆಚ್ಚಿಬಿದ್ದಂತೆ ಮೈ ಅದುರುವುದು, ಎಡವಿ ಬೀಳುವುದು, ಫಿಟ್ಸ್ ಬರುವುದು. ಕೊನೆಗೆ ಮಗು ಹಾಸಿಗೆ ಹಿಡಿಯುತ್ತದೆ. ಇಇಜಿ ಮತ್ತು ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆಯಿಂದ ಇದನ್ನು ಗುರುತಿಸುತ್ತಾರೆ. ನಮ್ಮ ನಗರದ ನಿಮ್ಹಾನ್ಸ್‌ನ ವೈದ್ಯರು ಈ ಕಾಯಿಲೆಯನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಕೆಲವು ಔಷಧಗಳು ಕೆಲವರಲ್ಲಿ ಕಾಯಿಲೆಯ ವೇಗ ತಗ್ಗಿಸಬಹುದು. ಇದು ಪಕ್ಕದಲ್ಲಿ ಕೂತ ಮಗುವಿಗೆ ಹರಡುವುದಿಲ್ಲ.

ತಡೆಯುವ ದಾರಿ ಲಸಿಕೆಯೊಂದೇ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9–12 ತಿಂಗಳಲ್ಲಿ, ಎರಡನೆಯದು 16–24 ತಿಂಗಳಲ್ಲಿ. ಲಸಿಕೆಯಿಂದ ಈ ಕಾಯಿಲೆ ಬರುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ನಡೆದ ಅಭಿಯಾನದಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಇದನ್ನು ಹಾಕಿದ್ದರು.

ಪೋಷಕರನ್ನು ವಿಚಾರಿಸುವಾಗ ಅವರ ಮಾತಿನಲ್ಲೇ ಕೇಳಬೇಕು. ಶಿವಾಜಿನಗರದ ಉರ್ದು ಮನೆಗಳಲ್ಲಿ ದಡಾರಕ್ಕೆ ‘ಖಸರಾ’, ಹಲಸೂರಿನ ತಮಿಳು ಮನೆಗಳಲ್ಲಿ ‘ತಟ್ಟಮ್ಮೈ’ ಎನ್ನುತ್ತಾರೆ. ಕನ್ನಡದ ತಾಯಂದಿರು ಬರೀ ‘ಅಮ್ಮ ಆಗಿತ್ತು’ ಎಂದರೆ ಅದು ಚಿಕನ್‌ಪಾಕ್ಸ್‌ನಂಥ ಬೇರೆ ಕಾಯಿಲೆಯೂ ಆಗಿರಬಹುದು.

ಕಲಿಕೆ ಕುಸಿಯಲು ಕಾರಣಗಳು ಹಲವು. ರೋಗ ನಿರ್ಣಯ ನಮ್ಮ ಕೆಲಸವಲ್ಲ. ಕಂಡದ್ದನ್ನು ದಿನಾಂಕದೊಂದಿಗೆ ಬರೆಯುವುದು ನಮ್ಮ ಕೆಲಸ. ಆ ಪುಟದಲ್ಲಿ ‘ಸೋಮಾರಿ’ ಎಂಬುದನ್ನು ಹೊಡೆದುಹಾಕಿ ‘ಒಂದು ಅವಧಿಯಲ್ಲಿ ನಾಲ್ಕು ಸಲ ಪೆನ್ನು ಬಿತ್ತು’ ಎಂದು ಬರೆದೆ. ಮೊದಲ ದಿನವೇ ಹಾಗೆ ಬರೆಯಬೇಕಿತ್ತು.