ಕಾರು ಕಳವಾಯಿತು, ವಿಮಾ ಕಂಪನಿ ಹಣ ಕೊಡುವುದಿಲ್ಲ ಎಂದಿತು: ಮುಂದೇನು?

ಕೊರವಂಗಲವಾಗಲಿ ದುದ್ದವಾಗಲಿ, ಹಾಸನ ಸೀಮೆಯ ಊರುಗಳಲ್ಲಿ ಎಷ್ಟೋ ಕಾರುಗಳು ರಾತ್ರಿ ನಿಲ್ಲುವುದು ಮನೆ ಮುಂದಿನ ಬೀದಿಯಲ್ಲೇ. ಕೊರವಂಗಲದ ಬೂಚೇಶ್ವರ ದೇವಸ್ಥಾನ ನೋಡಲು ಬಂದವರೂ ಗಾಡಿಯನ್ನು ಹೊರಗೆ ಬಿಟ್ಟೇ ಒಳಗೆ ಹೋಗುತ್ತಾರೆ. ಹಾಗೆ ನಿಂತ ಕಾರು ಕಳವಾದರೆ ನಷ್ಟ ಎರಡು ಸಲ ಆಗಬಹುದು: ಒಮ್ಮೆ ಕಳ್ಳನಿಂದ, ಇನ್ನೊಮ್ಮೆ ಕ್ಲೈಮ್ ತಿರಸ್ಕರಿಸುವ ಪತ್ರದಿಂದ. ಎರಡನೆಯದನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯಲಾಗದೆ ಪತ್ರ ಬಂದರೂ ಅಲ್ಲಿಗೆ ಎಲ್ಲ ಮುಗಿಯುವುದಿಲ್ಲ.

ಮೊದಲ ದಿನ ಮಾಡಬೇಕಾದ್ದು

ಕಾರು ಇಲ್ಲ ಎಂದು ಗೊತ್ತಾದ ಕೂಡಲೇ 112ಕ್ಕೆ ಕರೆ ಮಾಡಿ, ನೇರವಾಗಿ ಸ್ಟೇಷನ್ನಿಗೆ ಹೋಗಿ. ಒಂದೆರಡು ದಿನ ನಾವೇ ಹುಡುಕೋಣ ಎಂದು ಕಾಯಬೇಡಿ. ಕಳವು ಈಗ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿಗೆ ಬರುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ‘ಇದು ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯೂ ದೂರನ್ನು ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ದೂರಿನಲ್ಲಿ ಕೆಎ-13 ಎಂದು ಶುರುವಾಗುವ ನೋಂದಣಿ ಸಂಖ್ಯೆಯ ಜೊತೆಗೆ ಎಂಜಿನ್ ಮತ್ತು ಚಾಸಿ ಸಂಖ್ಯೆ, ಕಾರು ಎಲ್ಲಿ ಎಷ್ಟು ಹೊತ್ತಿಗೆ ನಿಂತಿತ್ತು, ಬೀಗ ಹಾಕಿತ್ತೇ, ಕೀ ಯಾರ ಬಳಿ ಇತ್ತು, ಇಲ್ಲದ್ದು ಯಾವಾಗ ಗೊತ್ತಾಯಿತು ಎಂಬುದೆಲ್ಲ ಇರಲಿ. ನಡೆದದ್ದನ್ನು ನಡೆದಂತೆಯೇ ಬರೆಯಿರಿ. ಬೀಗ ಹಾಕಿರದಿದ್ದರೆ ಹಾಕಿದ್ದೆ ಎನ್ನಬೇಡಿ. ಮುಂದೆ ಸುಳ್ಳು ಹೊರಬಿದ್ದರೆ ನ್ಯಾಯವಾದ ಕ್ಲೈಮ್ ಕೂಡ ಹಾಳಾಗುತ್ತದೆ.

ಫಾಸ್ಟ್ಯಾಗನ್ನು ತಕ್ಷಣ ಬಂದ್ ಮಾಡಿಸಬೇಡಿ. ಕಾರು ಶಾಂತಿಗ್ರಾಮದ ಟೋಲ್ ದಾಟಿದರೆ ನಿಮ್ಮ ಮೊಬೈಲಿಗೆ ಸಂದೇಶ ಬರಬಹುದು. ಗಾಡಿ ಯಾವ ಕಡೆ ಹೋಯಿತು ಎಂಬ ಸುಳಿವು ಪೊಲೀಸರಿಗೆ ಸಿಗುವುದು ಇಂಥದ್ದರಿಂದಲೇ.

ಅದೇ ದಿನ ವಿಮಾ ಕಂಪನಿಗೆ ಫೋನ್ ಮಾಡಿ ಕ್ಲೈಮ್ ಸಂಖ್ಯೆ ಪಡೆಯಿರಿ. ಅದನ್ನೇ ಇ-ಮೇಲಿನಲ್ಲೂ ತಿಳಿಸಿ. ಹಾಸನದ ಆರ್‌ಟಿಒ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾಲದ ಕಾರಾದರೆ ಬ್ಯಾಂಕಿಗೂ ತಿಳಿಸಿ. ಕಾರು ಹೋದರೂ ಕಂತು ನಿಲ್ಲುವುದಿಲ್ಲ, ಕ್ಲೈಮ್ ಹಣದಲ್ಲಿ ಮೊದಲ ಪಾಲೂ ಬ್ಯಾಂಕಿನದೇ.

ಎಷ್ಟು ಹಣ ಬರುತ್ತದೆ?

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ‘ಓನ್ ಡ್ಯಾಮೇಜ್’ ಭಾಗ ಇರಲೇಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಅದರ ಜೊತೆಗಿನ ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷ ಇನ್ಶೂರೆನ್ಸ್ ಇದೆ ಎಂದು ನೆಮ್ಮದಿಯಾಗಿದ್ದವರ ಕಳವಿನ ರಕ್ಷಣೆ ಎರಡನೇ ವರ್ಷಕ್ಕೇ ಮುಗಿದಿರಬಹುದು.

ಸಿಗುವ ಮೊತ್ತ ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ಘೋಷಿತ ಮೌಲ್ಯ. ಅದರಲ್ಲಿ ಕಡ್ಡಾಯ ಕಡಿತವೆಂದು 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ಹೋಗುತ್ತದೆ. ಪ್ರೀಮಿಯಂ ಕಡಿಮೆಯಾಗಲಿ ಎಂದು ಐಡಿವಿ ಇಳಿಸಿಕೊಂಡಿದ್ದರೆ ಆ ನಷ್ಟ ಗೊತ್ತಾಗುವುದು ಕಳವಾದ ಮೇಲೆ.

‘ಸಿ ರಿಪೋರ್ಟ್’ ಬರುವವರೆಗೆ

ಕಂಪನಿ ತನಿಖೆಗೆ ಒಬ್ಬರನ್ನು ಕಳಿಸುತ್ತದೆ. ಅವರು ಎರಡೂ ಕೀ, ಆರ್‌ಸಿ, ಪಾಲಿಸಿ, ಎಫ್‌ಐಆರ್ ಕೇಳುತ್ತಾರೆ. ಏನು ಕೊಟ್ಟರೂ ಪಟ್ಟಿ ಮಾಡಿ ಸಹಿ ಪಡೆಯಿರಿ. ನಿಮ್ಮ ಹೇಳಿಕೆಯನ್ನು ಪೂರ್ತಿ ಓದದೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಖಂಡಿತ ಬೇಡ. ಒಂದು ಕೀ ಹಿಂದೆಯೇ ಕಳೆದಿದ್ದರೆ ಅದನ್ನು ಮೊದಲೇ ಬರೆದು ತಿಳಿಸಿ.

ಕಾರು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಅಂತಿಮ ವರದಿ ಸಲ್ಲಿಸುತ್ತಾರೆ. ನಮ್ಮ ರಾಜ್ಯದಲ್ಲಿ ಎಲ್ಲರೂ ಸಿ ರಿಪೋರ್ಟ್ ಎನ್ನುವುದು ಇದನ್ನೇ. ಕ್ಲೈಮಿನ ಹಣ ಸಾಮಾನ್ಯವಾಗಿ ಇದರ ನಂತರವೇ ಬರುವುದರಿಂದ ಠಾಣೆಗೆ ಆಗಾಗ ಹೋಗಿ ವಿಚಾರಿಸುತ್ತಿರಿ. ಕೊನೆಯಲ್ಲಿ ಕಾರಿನ ಹಕ್ಕು ಕಂಪನಿಗೆ ಹೋಗುವಂತೆ 28, 29, 30ನೇ ನಮೂನೆಗಳಿಗೂ, ಸಾಲ ಇದ್ದರೆ 35ನೇ ನಮೂನೆಗೂ ಸಹಿ ಮಾಡಬೇಕಾಗುತ್ತದೆ. ಹಣ ಬರುವ ಮೊದಲೇ ಕಾರು ಸಿಕ್ಕರೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ಕಂಪನಿಗಳು ಮೊದಲು ಹಿಡಿಯುವುದು ತಡವನ್ನು. 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ತೀರ್ಮಾನಿಸಿತು: ಎಫ್‌ಐಆರ್ ಕೂಡಲೇ ಆಗಿದ್ದು, ಕಳವು ನಿಜವೆಂದು ಕಂಡುಬಂದಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬುದೊಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಎಫ್‌ಐಆರ್ ಮಾಡಿಸುವುದೇ ತಡವಾಗಿದ್ದರೆ ಮಾತ್ರ ಉತ್ತರ ಹೇಳುವುದು ಕಷ್ಟ.

ಇನ್ನೊಂದು ಕಾರಣ ಷರತ್ತು ಮುರಿದದ್ದು. ಇಲ್ಲಿ ನೆನಪಿಡಬೇಕಾದ ತೀರ್ಪು ಹಾಸನಕ್ಕೇ ಸೇರಿದ್ದು. 1996ರ ಬಿ.ವಿ. ನಾಗರಾಜು ಪ್ರಕರಣದಲ್ಲಿ ಎದುರು ಕಕ್ಷಿ ಓರಿಯಂಟಲ್ ಇನ್ಶೂರೆನ್ಸ್‌ನ ಹಾಸನದ ವಿಭಾಗೀಯ ಕಚೇರಿ. ಅಪಘಾತವಾದ ಸರಕು ವಾಹನದಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರೆಂದು ಕಂಪನಿ ಹಣ ಕೊಟ್ಟಿರಲಿಲ್ಲ. ಹೆಚ್ಚು ಜನ ಕೂತದ್ದರಿಂದ ಅಪಘಾತವಾಗಲಿಲ್ಲವಲ್ಲ ಎಂದ ಸುಪ್ರೀಂ ಕೋರ್ಟ್, ವಾಹನದ ಮಾಲೀಕರ ಪರ ತೀರ್ಪು ಕೊಟ್ಟಿತು. ತಪ್ಪಿಗೂ ನಷ್ಟಕ್ಕೂ ಸಂಬಂಧ ಇದೆಯೇ ಎಂಬ ಈ ಪ್ರಶ್ನೆಯನ್ನು ಕಳವಿನ ಪ್ರಕರಣದಲ್ಲೂ ಕೇಳಬೇಕು. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸುವಾಗ ಕಳೆದುಕೊಂಡ ನಿತಿನ್ ಖಂಡೇಲ್‌ವಾಲ್ ಪ್ರಕರಣದಲ್ಲಿ (2008) ಶೇ. 75ರಷ್ಟು ಹಣ ಸಿಕ್ಕಿತು. ಬೇಲೂರು–ಹಳೇಬೀಡಿಗೆ ಬಿಳಿ ಬೋರ್ಡಿನ ಗಾಡಿ ಓಡಿಸುವವರಿಗೆ ಇದು ತಿಳಿದಿರಲಿ. ಆದರೆ ಉಳಿದ ಕಾಲು ಭಾಗ ಹೋಗುತ್ತದೆ ಎಂಬುದೂ ನೆನಪಿರಲಿ. ಚಾಲಕ ಕೀ ಬಿಟ್ಟಿಳಿದಾಗ ಲಾರಿ ಕಳವಾದ ಅಶೋಕ್ ಕುಮಾರ್ ಪ್ರಕರಣದಲ್ಲೂ (2023) ಶೇ. 75 ಸಿಕ್ಕಿತು.

ಎಲ್ಲ ತಪ್ಪಿಗೂ ಈ ರಿಯಾಯಿತಿ ಇಲ್ಲ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಕಾರು ಕಳವಾದಾಗ 2021ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕರಿಗೆ ಏನೂ ಕೊಡಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿ ತಮ್ಮ ಹೆಸರಿಗಾದರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ತಾನಾಗಿಯೇ ವರ್ಗವಾಗುವುದು ಥರ್ಡ್ ಪಾರ್ಟಿ ಭಾಗ ಮಾತ್ರ. ಕಳವಿನ ಹಣ ಬೇಕಾದರೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಬೇಕು. ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಿ.

ತಿರಸ್ಕಾರದ ಪತ್ರ ಬಂದ ಮೇಲೆ

ಬಾಯಿಮಾತಿನ ‘ಆಗಲ್ಲ’ವನ್ನು ಒಪ್ಪಬೇಡಿ. ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲೂ, 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಿ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಅಲ್ಲಿನ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ನೀವು ಮುಂದೆ ಹೋಗಬಹುದು.

ಮುಂದಿನ ದಾರಿ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಅಲ್ಲಿ ಲೆಕ್ಕಕ್ಕೆ ಬರುವುದು ನೀವು ಕಟ್ಟಿದ ಪ್ರೀಮಿಯಂ. ಅದು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಗಡುವು ಮಾತ್ರ ತಪ್ಪಬಾರದು. ಓಂಬುಡ್ಸ್‌ಮನ್ ಬಳಿ ದೂರು ಇದ್ದರೂ ಈ ದಿನಾಂಕದ ಮೇಲೆ ಕಣ್ಣಿರಲಿ.

ಈ ಹಾದಿಯ ಪ್ರತಿ ಹಂತದಲ್ಲೂ ಗೆಲ್ಲಿಸುವುದು ತಾರೀಖು ಇರುವ ಕಾಗದ. ಅದರ ತಯಾರಿ ಕಳವಾದ ಮೇಲಲ್ಲ, ಕಾರು ಮನೆ ಮುಂದೆ ಇರುವಾಗಲೇ ಆಗಬೇಕು. ಇವತ್ತೇ ಪಾಲಿಸಿ ತೆಗೆದು ಮೂರು ವಿಷಯ ನೋಡಿಕೊಳ್ಳಿ: ಓನ್ ಡ್ಯಾಮೇಜ್ ಯಾವ ದಿನಕ್ಕೆ ಮುಗಿಯುತ್ತದೆ, ಪಾಲಿಸಿಯಲ್ಲೂ ಆರ್‌ಸಿಯಲ್ಲೂ ಒಂದೇ ಹೆಸರು ಇದೆಯೇ, ಎರಡನೇ ಕೀ ಎಲ್ಲಿದೆ. ಮೂರರಲ್ಲಿ ಒಂದು ತಪ್ಪಿದ್ದರೂ ನಾಳೆಯೇ ಸರಿಪಡಿಸಿ.