ಬಿಸಿಲಿಗೂ ಒಂದು ಆಯ

ಕುಡಿತದ ಮಾತೆತ್ತಿದರೆ ಅವ್ವ ಮೂಗಿಗೆ ಸೆರಗು ಹಿಡಿಯುತ್ತಾಳೆ. ಆದರೂ ತೆಲಿಗಿಯ ನಮ್ಮ ಮನೆಯ ಟ್ರಂಕಿನ ತಳದಲ್ಲಿ, ಹಳೇ ಸೀರೆಯ ಮಡಿಕೆಯೊಳಗೆ, ಒಂದು ಕ್ವಾರ್ಟರ್ ಬಾಟಲಿ ಬ್ರಾಂದಿ ಯಾವಾಗಲೂ ಇರುತ್ತದೆ. ಬಾಣಂತಿಗೆ ಚಳಿ ಹಿಡಿದರೆ ಒಂದು ಚಮಚ, ಕೂಸಿಗೆ ನೆಗಡಿಯಾದರೆ ಎದೆಗೆ ತಿಕ್ಕಲು ಎರಡು ಹನಿ. ಡಾಕ್ಟರು ಇದನ್ನು ಒಪ್ಪುವುದಿಲ್ಲ. ಅವ್ವನೂ ಡಾಕ್ಟರ ಮಾತು ಒಪ್ಪುವುದಿಲ್ಲ. “ಅದು ಸೆರೆ ಅಲ್ಲಪ್ಪಾ, ಔಷಧಿ” ಎಂದರೆ ಅಲ್ಲಿಗೆ ಮುಗಿಯಿತು.

ಬ್ರಾಂದಿಯಿಂದಲೇ ಕಸುಬು ಶುರುಮಾಡಿದ ಒಂದು ಮನೆತನದ ಡಿಸ್ಟಿಲರಿ ಬೆಂಗಳೂರಿನ ಹತ್ತಿರ ಇದೆ, ನೋಡಿ ಬರುತ್ತೇನೆ ಎಂದಾಗ ಮಾತ್ರ ಅವ್ವನಿಗೆ ನಗು ಬಂತು. “ಭಟ್ಟಿ ನೋಡಾಕ ಅಷ್ಟು ದೂರ ಯಾಕ ಹೊಂಟೀಯೋ? ಹಳ್ಳದ ಕಡಿಗೆ ಹೋಗಿದ್ರ ಸಾಕಾಗಿತ್ತಲ್ಲ!”

ಅವ್ವನ ಮಾತು ಸುಳ್ಳಲ್ಲ. ಹರಪನಹಳ್ಳಿ, ಕೂಡ್ಲಿಗಿ ಸೀಮೆಯಲ್ಲಿ ಭಟ್ಟಿ ಎಂದರೆ ಕಳ್ಳಭಟ್ಟಿಯೇ. ಜಾಲಿಯ ಮರೆ, ಕೊಳೆಹಾಕಿದ ಬೆಲ್ಲದ ಕೊಡ, ದೂರದಲ್ಲಿ ಜೀಪಿನ ಸದ್ದು. ಸರ್ಕಾರದ ಲೆಕ್ಕದ ಸಾರಾಯಿ ಪ್ಯಾಕೆಟ್ಟು 2007ರ ಜುಲೈ 1ರಂದು ರಾಜ್ಯದಲ್ಲಿ ನಿಂತುಹೋಯಿತು. ಆದರೆ 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು, 2008ರಲ್ಲಿ ಮತ್ತೆ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಭಟ್ಟಿ ಎಂಬ ಪದಕ್ಕೆ ಅಂಟಿ ಉಳಿದ ಮಸಿ. ಹೀಗಾಗಿ ನಮ್ಮಲ್ಲಿ ಭಟ್ಟಿಗೆ ಕೇಸು ಇರುತ್ತದೆ, ಚರಿತ್ರೆ ಇರುವುದಿಲ್ಲ. ಬೇರೆ ಕಡೆ ಹಾಗಲ್ಲ. ಅಮೆರಿಕದ ನ್ಯೂಜೆರ್ಸಿಯ ಲೇರ್ಡ್ ಮನೆತನ 1780ರಿಂದ ಸೇಬಿನ ಬ್ರಾಂದಿ ಇಳಿಸುತ್ತ ಬಂದಿದೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಸೇಬಿನ ಬ್ರಾಂದಿಗೆ ಕಾಲ್ವಡೋಸ್ ಎಂಬ ಹೆಸರಿದೆ, ಆ ಹೆಸರಿಗೆ ಕಾನೂನಿನ ಕಾವಲಿದೆ. ಸೇಬು ಬೆಳೆಯದ ನಮ್ಮ ನಾಡಿನಲ್ಲಿ ತಲೆಮಾರು ದಾಟಿದ ಭಟ್ಟಿ ನೋಡಬೇಕೆಂದರೆ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಬೇಕು. ಅಲ್ಲಿ ಕುಂಬಳಗೋಡಿನ ಬಳಿಯ ಕಂಬೀಪುರದಲ್ಲಿದೆ ಅಮೃತ್ ಡಿಸ್ಟಿಲರೀಸ್.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಇದನ್ನು ಶುರುಮಾಡಿದರು. ಆಗ ಇದ್ದದ್ದು ಮದ್ಯವನ್ನು ಹದವಾಗಿ ಬೆರೆಸಿ ಬಾಟಲಿಗೆ ತುಂಬುವ ಸಣ್ಣ ಘಟಕ. ಮೊದಲ ಸರಕು ಸಿಲ್ವರ್ ಕಪ್ ಬ್ರಾಂದಿ, ದೊಡ್ಡ ಗಿರಾಕಿ ಸೈನಿಕರ ಕ್ಯಾಂಟೀನು. 1976ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನೀಲಕಂಠ ರಾವ್ ಜಗದಾಳೆ ಹೊಣೆ ಹೊತ್ತರು. 2019ರಲ್ಲಿ ಅವರೂ ಹೋದರು. ಈಗ ಮೊಮ್ಮಗ ರಕ್ಷಿತ್ ಅವರ ಕಾಲ, ಹೆಸರು ಬ್ರಾಂದಿಗಿಂತ ಬಾರ್ಲಿಯ ವಿಸ್ಕಿಗೆ.

ಒಳಗೆ ಕಾಲಿಟ್ಟರೆ ಮೂಗಿಗೆ ಮೊದಲು ಬಡಿಯುವುದು ಹೆಂಡದ ವಾಸನೆಯಲ್ಲ, ಅಂಬಲಿಯದು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು ಬಿಸಿನೀರಿಗೆ ಹಾಕಿದಾಗ ಏಳುವ ಗಮಲು ಅದು. ಸೇಬು, ದ್ರಾಕ್ಷಿಗಳಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಹಿಂಡಿ ಇಟ್ಟರೆ ಹುದುಗು ತಾನಾಗಿ ಏಳುತ್ತದೆ. ಕಾಳಿನಲ್ಲಿರುವುದು ಪಿಷ್ಟ. ಮೊಳಕೆ ಒಡೆದಾಗ ಅದು ಸಕ್ಕರೆಯಾಗುವ ದಾರಿ ತೆರೆಯುತ್ತದೆ. ಕೂಸಿಗೆ ರಾಗಿ ಮಾಲ್ಟ್ ಮಾಡುವಾಗ ಅವ್ವ ಮಾಡುವುದೂ ಇದನ್ನೇ: ನೆನೆಸು, ಬಟ್ಟೆಯಲ್ಲಿ ಕಟ್ಟು, ಮೊಳಕೆ ಬರಲಿ, ನೆರಳಲ್ಲಿ ಒಣಗಿಸು, ಬೀಸು. ಸಿಂಗಲ್ ಮಾಲ್ಟ್ ವಿಸ್ಕಿ ಎಂಬ ದೊಡ್ಡ ಹೆಸರಿನಲ್ಲಿರುವ ಮಾಲ್ಟೂ ಅದೇ ಮಾಲ್ಟು.

ಸಿಹಿ ನೀರಿಗೆ ಯೀಸ್ಟ್ ಬಿದ್ದು, ಹುಳಿ ಬಂದು, ಬೀರಿನಷ್ಟು ಅಮಲುಳ್ಳ ರಸ ತಯಾರಾದ ಮೇಲೆ ತಾಮ್ರದ ಹಂಡೆಯ ಸರದಿ. ಹಂಡೆ ಎಂದರೆ ನಮ್ಮ ಬಚ್ಚಲ ಹಂಡೆಯ ಅಣ್ಣ. ಹೊಟ್ಟೆ ದಪ್ಪ, ಕತ್ತು ಹಂಸದ ಹಾಗೆ ಬಾಗಿದೆ. ನೀರು ಕುದಿಯಲು 100 ಡಿಗ್ರಿ ಬೇಕು, ಮದ್ಯಸಾರಕ್ಕೆ 78 ಸಾಕು. ಈ 22 ಡಿಗ್ರಿಯ ಸಂದಿಯಲ್ಲೇ ಇಡೀ ಕಸುಬು ನಿಂತಿದೆ. ಮೊದಲು ಹಬೆಯಾಗಿ ಏಳುವುದನ್ನು ತಣ್ಣಗೆ ಮಾಡಿ ಹಿಡಿದು, ಇನ್ನೊಂದು ಹಂಡೆಯಲ್ಲಿ ಮತ್ತೆ ಕಾಯಿಸುತ್ತಾರೆ. ಎರಡನೇ ಸಲ ಇಳಿಯುವಾಗ ಮೊದಲು ಬಂದದ್ದು ಮೂಗು ಉರಿಸುವ ಘಾಟು, ಕೊನೆಗೆ ಬರುವುದು ಒದ್ದೆ ನಾರಿನ ವಾಸನೆಯದು. ಎರಡನ್ನೂ ಬೇರೆ ಮಾಡಿ ನಡುವಿನದನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಯಾವ ಗಳಿಗೆಯಲ್ಲಿ ಕೊಳವೆ ತಿರುಗಿಸಬೇಕು ಎಂಬುದೇ ಭಟ್ಟಿಯವನ ವಿದ್ಯೆ. ಹಳ್ಳದ ಬದಿಯಲ್ಲಿ ಅವಸರಕ್ಕೆ ಇಳಿಸುವವನಿಗೆ ಒಂದು ಹನಿ ಚೆಲ್ಲಲೂ ಮನಸ್ಸಾಗುವುದಿಲ್ಲ.

ಇಲ್ಲಿಯವರೆಗಿನದು ದಿನಗಳ ಕೆಲಸ. ಆಮೇಲಿನದು ವರ್ಷಗಳದ್ದು.

ಗೋದಾಮಿನಲ್ಲಿ ಓಕ್ ಮರದ ಪೀಪಾಯಿಗಳು ಸಾಲಾಗಿ ಮಲಗಿವೆ. ಬಹಳಷ್ಟು ಅಮೆರಿಕದಿಂದ ಬಂದವು. ಅಲ್ಲಿ ಬೂರ್ಬನ್ ವಿಸ್ಕಿಯನ್ನು ಹೊಸ ಪೀಪಾಯಿಯಲ್ಲೇ ಇಡಬೇಕೆಂಬ ಕಾನೂನಿದೆ, ಹಾಗಾಗಿ ಬಳಸಿದವು ಜಗತ್ತಿಗೆಲ್ಲ ಮಾರಾಟವಾಗುತ್ತವೆ. ಕೆಲಸದವರೊಬ್ಬರು ಬೆರಳ ಗಂಟಿನಿಂದ ಒಂದು ಪೀಪಾಯಿಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬಂದರು, ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವ ಹಾಗೆ. ಕೆಳಗೆ ಮಂದ ಸದ್ದು. ಅರ್ಧಕ್ಕೆ ಬರುವಾಗ ಸದ್ದು ಬದಲಾಯಿತು, ಟೊಳ್ಳಾಯಿತು. “ಇಲ್ಲಿಗೆ ನಿಂತಿದೆ ಸರ್” ಎಂದರು. ಮೇಲಿನದು ಎಲ್ಲಿ ಹೋಯಿತು ಎಂದು ಕೇಳಿದೆ. ಅವರು ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಬಿಸಿಲಿತ್ತು.

ಮರ ಉಸಿರಾಡುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಂದ ಮದ್ಯ ಆವಿಯಾಗುತ್ತಲೇ ಇರುತ್ತದೆ. ಇದಕ್ಕೆ ಸ್ಕಾಟ್ಲೆಂಡಿನವರು ಹೇಳುವ ಹೆಸರು ದೇವದೂತರ ಪಾಲು. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಹೋದರೆ ಇಲ್ಲಿ ಹತ್ತು ಹನ್ನೆರಡು ಹೋಗುತ್ತದೆ. 200 ಲೀಟರ್ ತುಂಬಿಟ್ಟು ವರ್ಷಕ್ಕೆ ನೂರಕ್ಕೆ ಹನ್ನೊಂದರಂತೆ ಕಳೆಯುತ್ತ ಹೋಗಿ: ಐದು ವರ್ಷಕ್ಕೆ ಉಳಿಯುವುದು ಸುಮಾರು 112 ಲೀಟರ್, ಹನ್ನೆರಡು ವರ್ಷಕ್ಕೆ ಐವತ್ತರ ಆಸುಪಾಸು. ದೇವದೂತರು ನಮ್ಮ ಕಡೆಯವರಲ್ಲ. ನನಗೆ ನೆನಪಾದದ್ದು ಕಣ. ರಾಶಿ ಮಾಡಿದ ದಿನ ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಎಂದು ಆಯಗಾರರು ಬಂದು ತಮ್ಮ ಆಯ ಅಳೆಸಿಕೊಂಡು ಹೋಗುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ವರ್ಷವಿಡೀ ದುಡಿದವರ ಪಾಲು ಅದು, ದಾನವಲ್ಲ. ಇಲ್ಲಿ ಬಿಸಿಲೂ ಒಬ್ಬ ಆಯಗಾರ.

ಏಕೆಂದರೆ ಅದು ಬಿಟ್ಟಿ ಒಯ್ಯುವುದಿಲ್ಲ. ಸೆಕೆಗೆ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಂಪಿಗೆ ಕುಗ್ಗಿ ಹೊರಬರುತ್ತದೆ. ಬರುವಾಗ ಮರದ ಬಣ್ಣ, ವೆನಿಲಾದ ಪರಿಮಳ, ಒಗರು ಎಳೆದು ತರುತ್ತದೆ. ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ ಎಂಬುದು ಇಲ್ಲಿ ದೀರ್ಘಕಾಲ ಮಿಶ್ರಣದ ಹೊಣೆ ಹೊತ್ತಿದ್ದ ಸುರಿಂದರ್ ಕುಮಾರ್ ಅವರ ಅಂದಾಜು.

ಅಮೃತ್ ಸಿಂಗಲ್ ಮಾಲ್ಟ್ ಮಾರಿದ್ದು ಮೊದಲೇ ಹಾಕಿದ ಲೆಕ್ಕವೇನಲ್ಲ. ನಮ್ಮ ದೇಶದ ಅಗ್ಗದ ವಿಸ್ಕಿಯ ಮೂಲ ಹೆಚ್ಚಾಗಿ ಕಾಕಂಬಿ. ನಮ್ಮ ತಾಲ್ಲೂಕಿನ ದುಗ್ಗಾವತಿಯಂಥ ಊರುಗಳ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಕಾಳಿನಿಂದ ಇಳಿಸದೆ ಇದ್ದದ್ದನ್ನು ವಿಸ್ಕಿ ಎಂದು ಕರೆಯಲು ಯುರೋಪಿನ ಕಾನೂನು ಬಿಡುವುದಿಲ್ಲ. ಅಮೃತ್ 1980ರ ದಶಕದಲ್ಲಿ ಬಾರ್ಲಿ ಮಾಲ್ಟ್ ಇಳಿಸಲು ಹಿಡಿದದ್ದು ಅದನ್ನು ಬೇರೆ ವಿಸ್ಕಿಗೆ ಬೆರೆಸಲೆಂದು. ಮಾಲ್ಟ್ ಪೀಪಾಯಿಗಳಲ್ಲಿ ಮಿಕ್ಕಿತು. ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದಾಗ, ಇದನ್ನು ವಿಸ್ಕಿಯ ತವರಿನಲ್ಲೇ ಮಾರಬಹುದೇ ನೋಡು ಎಂದು ತಂದೆ ಹೇಳಿದರು. ಹೆಸರು ಹೇಳದೆ ಅಲ್ಲಿನವರಿಗೆ ರುಚಿ ನೋಡಿಸಿದರೆ ಯಾರೂ ಭಾರತದ್ದೆಂದು ಗುರುತಿಸಲಿಲ್ಲ. 2004ರ ಆಗಸ್ಟ್ 24ರಂದು ಗ್ಲಾಸ್ಗೋದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ ಸೇರಿಸಿದ ‘ಫ್ಯೂಷನ್’ಗೆ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದರು. ಬೆಂಗಳೂರಿನವರಿಗೆ ತಮ್ಮೂರ ಮಾಲ್ಟ್ ಅಂಗಡಿಯಲ್ಲಿ ಸಿಕ್ಕಿದ್ದೂ 2010ರಲ್ಲೇ. ಹಿತ್ತಲ ಗಿಡ ಇಲ್ಲಿಯೂ ಮದ್ದಾಗಲಿಲ್ಲ, ಊರು ಸುತ್ತಿ ಬಂದ ಮೇಲಷ್ಟೇ ಆಯಿತು.

2013ರಲ್ಲಿ ಎಂಟು ವರ್ಷ ಮಾಗಿದ ಒಂದು ವಿಸ್ಕಿ ಹೊರಬಂತು. ಮೇಲಿನ ಲೆಕ್ಕವನ್ನೂ ಮೀರಿ ಮುಕ್ಕಾಲು ಪಾಲನ್ನು ಬಿಸಿಲು ಒಯ್ದಿತ್ತು, ತುಂಬಿದ್ದು 144 ಬಾಟಲಿ ಮಾತ್ರ. ಅದಕ್ಕೆ ಇಟ್ಟ ಹೆಸರು ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವದೂತರು. ಕಳೆದುಕೊಂಡದ್ದನ್ನೇ ಹೆಸರು ಮಾಡಿ ಹಣೆಯ ಮೇಲೆ ಬರೆದರು, ಬೆಲೆ ಏರಿತು.

ಮರುದಿನ ಊರಿಗೆ ಬಂದಿಳಿದಾಗ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿತ್ತು. ಅವ್ವ ಕಾಲಲ್ಲೇ ಗೆರೆ ಎಳೆಯುತ್ತ ಕಾಳು ಕೆದರುತ್ತಿದ್ದಳು. ಪೀಪಾಯಿಯ ಕಥೆ ಹೇಳಿದೆ. ಅರ್ಧ ಬಿಸಿಲಿಗೆ ಹೋಗುತ್ತದೆ, ಹೋದಷ್ಟೂ ರೇಟು ಜಾಸ್ತಿ ಎಂದೆ. ಅವ್ವ ಒಂದು ಗಳಿಗೆ ಕಾಲು ನಿಲ್ಲಿಸಿದಳು.

“ನಮ್ದೂ ಬಿಸಿಲಿಗೇ ಹೊಕ್ಕತಿ” ಅಂದಳು. “ಒಣಗಿಸ್ದಿದ್ರ ಹಸಿ ಐತಿ ಅಂತ ರೇಟು ಕಡಿಮಿ. ಒಣಗಿಸಿದ್ರ ತೂಕ ಕಡಿಮಿ. ಅವರಿಗೆ ಕೊಟ್ಟಂಗ ನಮಗ ಯಾರು ಕೊಡ್ತಾರ?”

ಮತ್ತೆ ಕಾಲಾಡಿಸತೊಡಗಿದಳು. ಬಿಸಿಲು ತನ್ನ ಆಯ ಅಳೆದುಕೊಳ್ಳುತ್ತಿತ್ತು.