ನ್ಯೂಟ್ರಿನೋ ಚದುರಿಕೆಯಲ್ಲಿ ಸಂಸಕ್ತಿ

ನ್ಯೂಟ್ರಿನೋ ಎಂಬ ಕಣವು ಪದಾರ್ಥದೊಡನೆ ವ್ಯವಹರಿಸುವುದು ಬಹು ಅಪೂರ್ವ. ಸೂರ್ಯನಿಂದ ಹೊರಟ ಈ ಕಣಗಳು ಭೂಮಿಯನ್ನು ಭೇದಿಸಿ ಅತ್ತ ಸಾಗುವುವು. ನಡುವೆ ತಡೆಗೊಳ್ಳುವುವು ಅತ್ಯಲ್ಪ. ಅದನ್ನು ಹಿಡಿಯಹೊರಟವರು ನೆಲದ ಆಳಕ್ಕೆ ಇಳಿದರು, ಇಲ್ಲವೆ ಪಾತ್ರೆಯನ್ನು ಹಿರಿದುಮಾಡಿದರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತು ದೊರೆತುದು ಕೋಲಾರದ ಚಿನ್ನದ ಗಣಿಯ ಆಳದಲ್ಲಿ. ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ ತುಂಬಿರುವುದು 50,000 ಟನ್ನು ನೀರು. ಹೀಗಿರಲು, 2017ರಲ್ಲಿ 14.6 ಕಿಲೋಗ್ರಾಂ ತೂಕದ ಒಂದು ಹರಳು ಈ ಕಣದ ಪೆಟ್ಟನ್ನು ತೋರಿಸಿಕೊಟ್ಟಿತು. ರಕ್ಷಣೆಯ ಕವಚವನ್ನು ಬಿಟ್ಟರೆ ಅದನ್ನು ಒಬ್ಬನೇ ಎತ್ತಿಕೊಂಡು ನಡೆಯಬಹುದು. ಇದು ಸಾಧ್ಯವಾದುದು ಪರಮಾಣುವಿನ ಬೀಜಕೇಂದ್ರದ ಸಂಸಕ್ತಿಯಿಂದ.

ಆ ಪದವನ್ನು ಸ್ವಲ್ಪ ವಿಚಾರಿಸಬೇಕು. ಹೆಜ್ಜೆ ತಪ್ಪದೆ ಜೊತೆಯಾಗಿ ಸಾಗುವ ಬೆಳಕಿನ ಅಲೆಗಳಿಗೆ ಕನ್ನಡದ ಪಠ್ಯಗಳು 'ಸಂಸಕ್ತ' ಎಂಬ ವಿಶೇಷಣವನ್ನು ಕೊಟ್ಟಿವೆ. ಸಂಸ್ಕೃತದಲ್ಲಿ ಅದಕ್ಕೆ ಅಂಟಿಕೊಂಡದ್ದು ಎಂದರ್ಥ. ಆದರೆ ಅಂಟಿಕೊಂಡಿರುವುದಷ್ಟೇ ಇಲ್ಲಿ ಸಾಲದು. ಬೀಜಕೇಂದ್ರದ ನ್ಯೂಟ್ರಾನುಗಳು ಎಂದಿಗೂ ಅಂಟಿಕೊಂಡೇ ಇವೆ. ಆದರೂ ಎಲ್ಲ ಘಟ್ಟನೆಗಳೂ ಸಂಸಕ್ತವಲ್ಲ. ತಾಗಿದ್ದು ಯಾವ ನ್ಯೂಟ್ರಾನಿಗೆ ಎಂಬುದರ ಗುರುತೇ ಉಳಿಯಬಾರದು: ಇದು ನಿಜವಾದ ನಿಯಮ.

ಒಂದು ನ್ಯೂಟ್ರಾನು ಸಿಡಿದುಹೋದರೆ, ಅಥವಾ ಬೀಜಕೇಂದ್ರವು ಉದ್ರೇಕಗೊಂಡರೆ, ಗುರುತು ಉಳಿಯಿತು. ಆಗ ಒಂದೊಂದರಿಂದ ಚದುರಿದ ಅಲೆಯ ಫಲವನ್ನು ಬೇರೆಬೇರೆಯಾಗಿ ಎಣಿಸಬೇಕು. ಬೀಜಕೇಂದ್ರವು ಇದ್ದಂತೆಯೇ ಇದ್ದು ಇಡಿಯಾಗಿ ಹಿಮ್ಮೆಟ್ಟಿದರೆ, ಮೊದಲು ಅಲೆಗಳನ್ನೇ ಕೂಡಿಸಿ ಮೊತ್ತವನ್ನು ಆಮೇಲೆ ವರ್ಗಿಸಬೇಕು. ಸೀಸಿಯಮ್ಮಿನ ಬೀಜಕೇಂದ್ರದಲ್ಲಿ 78 ನ್ಯೂಟ್ರಾನುಗಳಿವೆ. ಮೊದಲ ಲೆಕ್ಕದಲ್ಲಿ ಫಲ 78, ಎರಡನೆಯದರಲ್ಲಿ 6,084. ತೇರಿನ ಹಗ್ಗವನ್ನು ಹತ್ತು ಮಂದಿ ಎಳೆದರೆ ಹತ್ತರಷ್ಟೇ ಬಲ, ಇಲ್ಲಿಯಾದರೋ ಹತ್ತಕ್ಕೆ ನೂರು. ಆದುದರಿಂದ ಸಹಕಾರದ ಉಪಮೆಗಳು ಇದಕ್ಕೆ ಒಪ್ಪುವುದಿಲ್ಲ. (ಪ್ರೋಟಾನುಗಳ ಪಾಲು ಈ ವ್ಯವಹಾರದಲ್ಲಿ ನಗಣ್ಯಪ್ರಾಯ.) ನ್ಯೂಟ್ರಿನೋವಿನ ಶಕ್ತಿ ಸುಮಾರು ಐದು ಕೋಟಿ ಎಲೆಕ್ಟ್ರಾನ್ ವೋಲ್ಟನ್ನು ಬಹಳವಾಗಿ ಮೀರಿದರೆ ಅಲೆಯು ಬೀಜಕೇಂದ್ರಕ್ಕಿಂತ ಕಿರಿದಾಗಿ, ಈ ಐಕ್ಯವು ಮುರಿಯುವುದು.

ಅಮೆರಿಕದ ಡೇನಿಯಲ್ ಫ್ರೀಡ್‌ಮನ್ನನು ಇದನ್ನು 1974ರಲ್ಲಿಯೇ ಊಹಿಸಿದ್ದನು. ಸೋವಿಯತ್ ದೇಶದಲ್ಲಿ ಕೊಪೆಲಿಯೋವಿಚ್, ಫ್ರಾಂಕ್‌ಫುರ್ಟ್ ಇವರೂ ಅದೇ ವರ್ಷ ಊಹಿಸಿದರು. ಇಂತಹ ಪ್ರಯೋಗವನ್ನು ಸೂಚಿಸುವುದೇ ದಾರ್ಷ್ಟ್ಯವಾದೀತೆಂದು ಫ್ರೀಡ್‌ಮನ್ನನು ಅಳುಕಿದುದಕ್ಕೆ ಕಾರಣವಿತ್ತು. ಕಲ್ಲುಗುಂಡಿಗೆ ಜೋಳದ ಕಾಳು ತಾಗಿದರೆ ಗುಂಡು ಎಷ್ಟು ಕದಲೀತು? ಘಟ್ಟನೆಗಳು ಹೆಚ್ಚಿದರೂ ಒಂದೊಂದರ ಕುರುಹು ಕೆಲವು ಸಾವಿರ ಎಲೆಕ್ಟ್ರಾನ್ ವೋಲ್ಟಿನಷ್ಟೇ.

ಆ ಕುರುಹು ಕಂಡುದು 43 ವರ್ಷಗಳ ಮೇಲೆ, ಟೆನೆಸ್ಸಿಯ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ. ಅಲ್ಲಿ ಪ್ರೋಟಾನುಗಳು ಸೆಕೆಂಡಿಗೆ 60 ಸಲ ಪಾದರಸವನ್ನು ಬಡಿಯುವುವು. ಬೇಕಾದುದು ನ್ಯೂಟ್ರಾನು, ನ್ಯೂಟ್ರಿನೋ ಬೇಡದೆ ಬಂದ ಫಲ. ಸುಮಾರು 20 ಮೀಟರು ದೂರದ ನೆಲಮಾಳಿಗೆಯ ಓಣಿಯಲ್ಲಿ ಸೀಸಿಯಂ ಅಯೊಡೈಡಿನ ಹರಳನ್ನಿಟ್ಟು, ಬಡಿತದ ವೇಳೆಗೆ ಸರಿಹೊಂದಿದ ಮಿನುಗುಗಳನ್ನು ಮಾತ್ರ ಆರಿಸಿದಾಗ ಸುಮಾರು 134 ಘಟ್ಟನೆಗಳು ಲೆಕ್ಕಕ್ಕೆ ಸಿಕ್ಕಿದುವು. 2025ರಲ್ಲಿ ಸ್ವಿಟ್ಜರ್ಲೆಂಡಿನ ಲೈಬ್‌ಸ್ಟಾಟ್ ಪರಮಾಣು ವಿದ್ಯುದಾಗಾರದ ಬಳಿ ಜರ್ಮೇನಿಯಂ ಹರಳುಗಳಲ್ಲಿಯೂ ಇದು ಕಂಡಿತು.

ಕುಸಿಯುತ್ತಿರುವ ಮಹಾನಕ್ಷತ್ರದ ಒಡಲಿನಲ್ಲಿ ನ್ಯೂಟ್ರಿನೋಗಳು ಕೆಲಕಾಲ ಸಿಕ್ಕಿಬೀಳುವುದು ಈ ಸಂಸಕ್ತಿಯಿಂದಲೇ. ಕಪ್ಪುದ್ರವ್ಯವನ್ನು ಅರಸುವವರಿಗೆ ಮಾತ್ರ ಇದು ತೊಡಕು. ಅವರು ಕಾಯುವುದೂ ಬೀಜಕೇಂದ್ರದ ಇಂತಹುದೇ ಅಲುಗಾಟವನ್ನು. 2024ರಲ್ಲಿ ಇಟಲಿಯ ಮತ್ತು ಚೀನದ ನೆಲದಡಿಯ ಕ್ಸೆನಾನ್ ತೊಟ್ಟಿಗಳಲ್ಲಿ ಸೂರ್ಯನ ನ್ಯೂಟ್ರಿನೋಗಳು ಅದೇ ವೇಷದಲ್ಲಿ ಕಾಣಿಸಿಕೊಳ್ಳತೊಡಗಿದುವು.